ಬಾಲಶಿಕ್ಷಣದ ಆಚಾರ್ಯ ಗಿಜುಭಾಯಿ ಬಧೇಕಾ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿರುವುದು ವಾಚಕರಿಗೆ ವಿದಿತವೇ ಇದೆ. ಈ ಜಿಲ್ಲೆಯ ಹೆಸರು ಜನರ ಬಾಯಲ್ಲಿ ಬರುವುದು ವರ್ಷಕ್ಕೊಮ್ಮೆ, ಹತ್ತನೆಯ ತರಗತಿಯ ಪರೀಕ್ಷೆಯ ಫಲಿತಾಂಶ ಹೊರಬಿದ್ದಾಗ. ಎಷ್ಟು ಮಂದಿ ತೇರ್ಗಡೆಯಾದರು, ರಾಜ್ಯದಲ್ಲಿ ಎಷ್ಟನೆಯ ಸ್ಥಾನ ಬಂದಿತು ಎಂಬ ಚರ್ಚೆ ನಾಲ್ಕಾರು ದಿನ ನಡೆದು ಅಡಗುತ್ತದೆ. ಆ ವಿದ್ಯಾರ್ಥಿಗಳೆಲ್ಲರೂ ಒಂದಾನೊಂದು ಕಾಲಕ್ಕೆ ಮೂರು ನಾಲ್ಕು ವರ್ಷದ ಶಿಶುಗಳಾಗಿದ್ದರೆಂಬುದನ್ನೂ, ಅವರ ಧೈರ್ಯ, ಅಂಜಿಕೆ, ಹಟ, ತಾಳ್ಮೆಗಳೆಲ್ಲವೂ ಆ ವಯಸ್ಸಿನಲ್ಲಿಯೇ ಬೇರುಬಿಟ್ಟಿದ್ದವೆಂಬುದನ್ನೂ ಆಲೋಚಿಸುವವರು ವಿರಳ.

ಈ ನಾಲ್ಕು ತಾಲ್ಲೂಕುಗಳು ಬಯಲುಸೀಮೆಯವು. ಮಳೆಯನ್ನು ನೆಚ್ಚಿಕೊಳ್ಳುವಂತಿಲ್ಲ. ರಾಗಿ ಕಡಲೇಕಾಯಿಗಳು ಕೈಗೆ ಬಂದ ವರ್ಷ ಹಬ್ಬ. ಬಾರದ ವರ್ಷ ಕೂಲಿಗಾಗಿ ಪರಸ್ಥಳಕ್ಕೆ ಪ್ರಯಾಣ. ಇಂತಹ ನೆಲದಲ್ಲಿ ಹುಟ್ಟಿದ ಮಗುವಿಗೆ ಅಕ್ಷರ ಬೇಕು, ಅಂಕೆ ಬೇಕು. ಅವೆರಡಕ್ಕಿಂತ ಮೊದಲು ಬಿದ್ದರೆ ಏಳುವ ಎದೆಗಾರಿಕೆ ಬೇಕು. ಆ ಎದೆಗಾರಿಕೆಯು ಹಲಗೆ ಬಳಪಗಳಿಂದ ಬರತಕ್ಕದ್ದಲ್ಲ, ಬಯಲಿನ ಆಟದಿಂದ ಬರತಕ್ಕದ್ದು ಎಂಬುದನ್ನು ನಮ್ಮ ದೇಶದಲ್ಲಿ ಆಚರಿಸಿ ತೋರಿಸಿದವರ ಪೈಕಿ ಅಗ್ರಗಣ್ಯರು ಗುಜರಾತಿನ ಗಿಜುಭಾಯಿ ಬಧೇಕಾ. ಕನ್ನಡಿಗರಲ್ಲಿ ಅವರ ಹೆಸರನ್ನು ಉಪಾಧ್ಯಾಯರು ಬಲ್ಲರು. ತಂದೆತಾಯಿಗಳು ಅಷ್ಟಾಗಿ ಅರಿಯರು. ಆದಕಾರಣ ಅವರ ಜೀವನವನ್ನು ಸಂಗ್ರಹವಾಗಿ ಇಲ್ಲಿ ನಿರೂಪಿಸುತ್ತೇವೆ.

ಗಿರಿಜಾಶಂಕರ ಭಗವಾನಜಿ ಬಧೇಕಾ ಎಂಬುದು ಅವರ ಪೂರ್ಣ ನಾಮಧೇಯ. ಕಾಠಿಯಾವಾಡದ ಚಿತ್ತಲವೆಂಬ ಊರಿನಲ್ಲಿ 1885ನೆಯ ನವೆಂಬರ್ 15ರಂದು ಅವರು ಜನಿಸಿದರು. ಆ ಕಾಲದ ಪಾಠಶಾಲೆಗಳು ಹೇಗಿದ್ದವೆಂಬುದನ್ನು ನಮ್ಮವರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ನಮ್ಮ ಕಡೆಯ ಕೂಲಿಮಠಗಳಲ್ಲಿ ತಪ್ಪು ಮಾಡಿದ ಹುಡುಗನನ್ನು ಕೋದಂಡಕ್ಕೆ ಹಾಕುತ್ತಿದ್ದ ಸಂಗತಿಯನ್ನು ಹಿರಿಯರಿಂದ ಕೇಳಿದ್ದೇವೆ. ಗುಜರಾತಿನ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಗುರುವೆಂದರೆ ಬೆತ್ತ, ವಿದ್ಯೆಯೆಂದರೆ ಬಾಯಿಪಾಠ, ಒಳ್ಳೆಯ ಮಗುವೆಂದರೆ ಮಿಸುಕದೆ ಕುಳಿತ ಮಗು ಎಂಬ ಭಾವನೆ ಎಲ್ಲೆಡೆಯೂ ನೆಲೆಸಿದ್ದಿತು.

1907ರಲ್ಲಿ ಗಿಜುಭಾಯಿಯವರು ಜೀವನೋಪಾಯವನ್ನರಸಿ ಪೂರ್ವ ಆಫ್ರಿಕಾಕ್ಕೆ ತೆರಳಿದರು. ಎರಡು ವರ್ಷಗಳ ತರುವಾಯ ಹಿಂದಿರುಗಿ, ಮುಂಬಯಿಯಲ್ಲಿ ನ್ಯಾಯಶಾಸ್ತ್ರವನ್ನು ವ್ಯಾಸಂಗಮಾಡಿ, ಕಾಠಿಯಾವಾಡದ ವಢವಾಣದಲ್ಲಿ ವಕೀಲಿ ವೃತ್ತಿಯನ್ನು ಕೈಕೊಂಡರು. ವಿಷಯಕ್ಕೆ ಇಂಬಾದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಅವರು ಸಮುದ್ರ ದಾಟಿದ ಆ 1907ನೆಯ ವರ್ಷದ ಜನವರಿಯಲ್ಲಿಯೇ ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ವೈದ್ಯೆ ಮರಿಯಾ ಮಾಂಟೆಸ್ಸರಿಯವರು ತಮ್ಮ ಮೊದಲ ಶಿಶುಗೃಹವನ್ನು ತೆರೆದಿದ್ದರು. ಒಬ್ಬರ ಹೆಸರನ್ನು ಇನ್ನೊಬ್ಬರು ಆಗ ಕೇಳಿದ್ದಿಲ್ಲ.

1913ರಲ್ಲಿ ಗಿಜುಭಾಯಿಯವರಿಗೆ ನರೇಂದ್ರನೆಂಬ ಮಗನು ಹುಟ್ಟಿದನು. ಮಗು ಹುಟ್ಟಿದೊಡನೆ ಜಾತಕ ಬರೆಯಿಸುವುದು ಲೋಕರೂಢಿ. ಈ ವಕೀಲರಿಗಾದರೋ ಬೇರೊಂದು ಚಿಂತೆ ಹಿಡಿಯಿತು. ತಾವು ಅನುಭವಿಸಿದ ಬೆತ್ತದ ವಿದ್ಯೆಗೆ ಈ ಮಗುವನ್ನು ಒಪ್ಪಿಸುವುದು ಹೇಗೆ? ಬೇರೆ ದಾರಿ ಯಾವುದು? ಸ್ನೇಹಿತರ ಸೂಚನೆಯ ಮೇರೆಗೆ ಅವರು ಬರೋಡೆ ಸೀಮೆಯ ವಸೋ ಎಂಬ ಊರಿಗೆ ಹೋಗಿ, ಗುಜರಾತಿನ ಗ್ರಂಥಾಲಯ ಚಳವಳಿಯ ಪ್ರವರ್ತಕರಾದ ಮೋತಿಭಾಯಿ ಅಮೀನರನ್ನು ಕಂಡರು. ಮಾಂಟೆಸ್ಸರಿ ಪದ್ಧತಿಯನ್ನು ಕುರಿತ ಗ್ರಂಥವು ಅವರ ಕೈ ಸೇರಿದ್ದು ಆಗಲೇ. ಮಗುವಿಗೆ ತನ್ನೊಳಗಿನಿಂದಲೇ ಕಲಿಯುವ ಶಕ್ತಿಯುಂಟು, ಹಿರಿಯರು ಮಾಡಬೇಕಾದದ್ದು ಅದಕ್ಕೆ ಅಡ್ಡಿಯಾಗದಿರುವುದು ಎಂಬ ತತ್ತ್ವವು ಅವರ ಮನಸ್ಸನ್ನು ಹಿಡಿಯಿತು. ಮೊಕದ್ದಮೆಗಳ ಕಾಗದಗಳ ನಡುವೆ ಶಿಶುಗಳ ವಿಷಯವನ್ನು ಓದುವುದೂ ಆಲೋಚಿಸುವುದೂ ಅವರಿಗೆ ನಿತ್ಯದ ಕೆಲಸವಾಯಿತು.

ಭಾವನಗರದಲ್ಲಿ ನಾನಾಭಾಯಿ ಭಟ್ಟರು 1910ರಲ್ಲಿ ದಕ್ಷಿಣಾಮೂರ್ತಿ ಎಂಬ ವಿದ್ಯಾರ್ಥಿಭವನವನ್ನು ಸ್ಥಾಪಿಸಿದ್ದರು. ಗಿಜುಭಾಯಿಯವರು 1916ರಲ್ಲಿ ಆದಾಯವುಳ್ಳ ವಕೀಲಿಯನ್ನು ತ್ಯಜಿಸಿ ಈ ಸಂಸ್ಥೆಯನ್ನು ಸೇರಿದರು. ಸಂಸಾರಸ್ಥನಾದವನು ಕರಿಯ ನಿಲುವಂಗಿಯನ್ನು ಕಳಚಿಟ್ಟು ಉಪಾಧ್ಯಾಯನಾಗುವುದು ಆ ಕಾಲಕ್ಕೂ ಈ ಕಾಲಕ್ಕೂ ಸುಲಭದ ಮಾತಲ್ಲ. ಮೊದಲು ಅವರಿಗೆ ದೊರೆತದ್ದು ದೊಡ್ಡ ಹುಡುಗರ ಪಾಠ. ಆ ಕೆಲಸದಲ್ಲಿ ಕೆಲವು ವರ್ಷ ಇದ್ದಮೇಲೆ ಅವರಿಗೆ ಒಂದು ವಿಷಯ ಸ್ಪಷ್ಟವಾಯಿತು. ಪ್ರೌಢಶಾಲೆಗೆ ಬರುವ ಹೊತ್ತಿಗೆ ಹುಡುಗನ ಸ್ವಭಾವವು ಬಹುಮಟ್ಟಿಗೆ ಗಟ್ಟಿಯಾಗಿರುತ್ತದೆ. ಅಂಜುವವನು ಅಂಜುತ್ತಲೇ ಇರುತ್ತಾನೆ, ಬೇರೆಯವರು ಹೇಳಿದ್ದನ್ನು ಒಪ್ಪಿಸುವವನು ಒಪ್ಪಿಸುತ್ತಲೇ ಇರುತ್ತಾನೆ. ತಿದ್ದುವ ಕೆಲಸವನ್ನು ಇಲ್ಲಿ ಮಾಡುವುದಕ್ಕಿಂತ, ಕೆಡದಂತೆ ಕಾಪಾಡುವ ಕೆಲಸವನ್ನು ಇನ್ನೂ ಕೆಳಗೆ ಮಾಡಬೇಕು. ಈ ನಿಶ್ಚಯದ ಫಲವಾಗಿ 1920ರ ಆಗಸ್ಟಿನಲ್ಲಿ ದಕ್ಷಿಣಾಮೂರ್ತಿ ಬಾಲಮಂದಿರವು ಹುಟ್ಟಿತು. ಎರಡೂವರೆ ವರ್ಷದ ಶಿಶುಗಳಿಗೂ ಅಲ್ಲಿ ಪ್ರವೇಶವಿದ್ದಿತು.

ತಖ್ತೇಶ್ವರದ ದೇವಾಲಯದ ಬಳಿಯ ಗುಡ್ಡದ ಮೇಲೆ ನೆಲೆಗೊಂಡ ಆ ಬಾಲಮಂದಿರವು ಅಂದಿನ ಜನರಿಗೆ ಪಾಠಶಾಲೆಯಂತೆ ತೋರಲಿಲ್ಲ. ಮಕ್ಕಳು ಸಾಲಾಗಿ ಕುಳಿತು ಕೂಗುವ ಸದ್ದು ಅಲ್ಲಿ ಕೇಳಿಸುತ್ತಿರಲಿಲ್ಲ. ಒಬ್ಬನು ಮರಳಿನಲ್ಲಿ ಗೂಡು ಕಟ್ಟುವನು. ಒಬ್ಬಳು ಜೇಡಿಮಣ್ಣನ್ನು ನಾದುವಳು. ಒಬ್ಬನು ಗಿಡಕ್ಕೆ ನೀರು ಹೊತ್ತು ಅರ್ಧವನ್ನು ದಾರಿಯಲ್ಲಿಯೇ ಚೆಲ್ಲಿಕೊಂಡು ಹೋಗುವನು. ಹಾಡು, ಕುಣಿತ, ನಾಟಕ, ಕಥೆ, ಗಿಡಮರಗಳ ನಡುವಣ ತಿರುಗಾಟ ಇವೇ ಪಾಠಗಳು. ಗದ್ದಲದ ನಡುವೆ ಎಲ್ಲರೂ ಕಣ್ಣು ಮುಚ್ಚಿ ಸದ್ದಿಲ್ಲದೆ ಕುಳಿತು ದೂರದ ಧ್ವನಿಗಳನ್ನು ಆಲಿಸುವ ಶಾಂತಿಯ ಆಟವೂ ಒಂದಿದ್ದಿತು. ಹೊಡೆತವಿಲ್ಲ, ಬೈಗುಳವಿಲ್ಲ. ಅದರಂತೆಯೇ ಬಹುಮಾನದ ಆಮಿಷವೂ ಇಲ್ಲ. ಶಿಕ್ಷೆಗೆ ಅಂಜಿ ಕೆಲಸ ಮಾಡುವವನೂ ಬಹುಮಾನಕ್ಕೆ ಆಸೆಪಟ್ಟು ಮಾಡುವವನೂ ಇಬ್ಬರೂ ಪರರ ಅಧೀನರೇ ಎಂಬುದು ಗಿಜುಭಾಯಿಯವರ ಅಭಿಪ್ರಾಯವಾಗಿದ್ದಿತು.

ಅವರು ಮಾಂಟೆಸ್ಸರಿಯವರ ಶಿಷ್ಯರಾದರೂ ಅನುಕರಣಶೀಲರಲ್ಲ. ಇಟಲಿಯ ಆ ವಿದುಷಿಯು ಎಳೆಯ ಮಕ್ಕಳಿಗೆ ಅದ್ಭುತಕಥೆಗಳನ್ನು ಹೇಳುವುದನ್ನು ಮೆಚ್ಚುತ್ತಿರಲಿಲ್ಲ. ಗಿಜುಭಾಯಿಯವರಾದರೋ ಹಳ್ಳಿಯ ಅಜ್ಜಿಯರ ಬಾಯಲ್ಲಿದ್ದ ಕಾಗೆ ಗುಬ್ಬಿಗಳ ಕಥೆಗಳನ್ನು ಹುಡುಕಿ ತಂದು, ಅಭಿನಯಪೂರ್ವಕವಾಗಿ ಹೇಳಿ, ಮಕ್ಕಳಿಂದಲೂ ಹೇಳಿಸಿದರು. ದುಬಾರಿಯ ವಿದೇಶೀ ಸಾಧನಗಳ ಬದಲು ಸ್ಥಳೀಯ ಕುಶಲಕರ್ಮಿಗಳಿಂದ ಆಗತಕ್ಕವನ್ನು ಬಳಕೆಗೆ ತಂದರು. ಶಾಸ್ತ್ರವನ್ನು ಹೊರಗಿನಿಂದ ತರಬಹುದು. ಮಣ್ಣು, ಮಾತು, ಕಥೆ, ಆಟಗಳು ಮಗು ಹುಟ್ಟಿದ ನೆಲದವೇ ಆಗಿರಬೇಕು ಎಂಬುದನ್ನು ಅವರು ತಮ್ಮ ಆಚರಣೆಯಿಂದ ತೋರಿಸಿದರು. ಮಕ್ಕಳ ಮೇಲಿನ ಅವರ ಮಮತೆಯನ್ನು ಕಂಡ ಜನರು ಅವರಿಗೆ ಮೀಸೆಯ ತಾಯಿ ಎಂಬ ಅರ್ಥದ ಗುಜರಾತಿ ಹೆಸರೊಂದನ್ನು ಕೊಟ್ಟರು. ಸರ್ಕಾರದ ಯಾವ ಬಿರುದಿಗಿಂತಲೂ ಈ ಹೆಸರೇ ಅವರಿಗೆ ಶಾಶ್ವತವಾಗಿ ನಿಂತಿತು.

ಬಯಲಿನ ಆಟಕ್ಕೂ ಮನಸ್ಸಿನ ಗಟ್ಟಿತನಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವು ಬಹು ನಿಕಟವಾದುದು. ನಾಲ್ಕು ವರ್ಷದ ಮಗು ಒಂದು ತಗ್ಗು ಬಂಡೆಯನ್ನು ಹತ್ತಲು ಹವಣಿಸುತ್ತದೆ. ಕಾಲು ಜಾರುತ್ತದೆ, ಮಂಡಿ ತರಚುತ್ತದೆ. ಹಿರಿಯರು ಓಡಿಬಂದು ಎತ್ತಿಕೊಂಡು ಬಂಡೆಗೆ ನಾಲ್ಕು ಏಟು ಹಾಕಿದರೆ, ತಪ್ಪು ಬಂಡೆಯದು, ಉಪಾಯ ಹಿರಿಯರದು, ತನ್ನದೇನೂ ಇಲ್ಲವೆಂದು ಮಗು ಕಲಿಯುತ್ತದೆ. ಹಿರಿಯರು ಹತ್ತಿರದಲ್ಲಿದ್ದೂ ಸುಮ್ಮನಿದ್ದರೆ, ಅದು ಒಂದು ಗಳಿಗೆ ಅತ್ತು, ಕಣ್ಣೊರೆಸಿಕೊಂಡು, ಬೇರೊಂದು ಕಡೆ ಕಾಲಿಟ್ಟು ಹತ್ತುತ್ತದೆ. ಎಲ್ಲಿ ಕಾಲಿಟ್ಟರೆ ಜಾರುತ್ತದೆ, ಎಷ್ಟು ಎತ್ತರ ತನ್ನ ಅಳವಿನದು, ನೋವು ಎಷ್ಟು ಹೊತ್ತಿಗೆ ಆರುತ್ತದೆ ಎಂಬ ಮೂರು ಪಾಠಗಳು ಒಂದೇ ಗಳಿಗೆಯಲ್ಲಿ ಆಗಿಹೋಗುತ್ತವೆ. ಆಟದಲ್ಲಿ ಸೋತವನು ಮತ್ತೆ ಆಡಲು ಬರುತ್ತಾನೆ. ಜಗಳವಾಡಿದವರು ಆಟ ಕೆಡಬಾರದೆಂದು ರಾಜಿಯಾಗುತ್ತಾರೆ. ಬಾಳಿನಲ್ಲಿ ಮುಂದೆ ಬರುವ ದೊಡ್ಡ ಸೋಲುಗಳಿಗೆ ಈ ಚಿಕ್ಕ ಸೋಲುಗಳೇ ಸಿದ್ಧತೆ. ಹೊರಗಿನ ಹಗಲ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿಯ ದೋಷವು ಕಡಮೆಯಾಗಿ ಕಂಡುಬರುತ್ತದೆಂಬುದನ್ನು ನೇತ್ರವೈದ್ಯರು ಈಗ ಒಪ್ಪುತ್ತಾರೆ. ಆದುದರಿಂದ ಮನಸ್ಸಿಗಲ್ಲದೆ ಶರೀರಕ್ಕೂ ಇದು ಹಿತವಾದ ವಿದ್ಯೆ.

ತಂದೆತಾಯಿಗಳನ್ನು ಒಪ್ಪಿಸುವುದು ಮಕ್ಕಳಿಗೆ ಕಲಿಸುವುದಕ್ಕಿಂತ ಕಷ್ಟವೆಂಬುದನ್ನು ಗಿಜುಭಾಯಿಯವರು ಬೇಗನೆ ಅರಿತರು. ಮಗುವನ್ನು ಆಡಿಸಲು ಶಾಲೆ ಏಕೆ ಬೇಕು, ಬೀದಿಯೇ ಸಾಲದೆ ಎಂಬ ಆಕ್ಷೇಪಕ್ಕೆ ಅವರು ಲೇಖನಿಯಿಂದ ಉತ್ತರ ಕೊಟ್ಟರು. ಮಕ್ಕಳಿಗಾಗಿ, ತಂದೆತಾಯಿಗಳಿಗಾಗಿ, ಉಪಾಧ್ಯಾಯರಿಗಾಗಿ ಅವರು ಬರೆದ ಸಣ್ಣ ದೊಡ್ಡ ಪುಸ್ತಕಗಳು ಸುಮಾರು 200 ಎಂದು ಎಣಿಕೆ. ಇವುಗಳಲ್ಲಿ ದಿವಾಸ್ವಪ್ನ ಎಂಬುದು ಅತ್ಯಂತ ಪ್ರಸಿದ್ಧವಾದುದು. ಭಾರತದ ಹಲವು ಭಾಷೆಗಳಿಗೆ ಅದು ಅನುವಾದವಾಗಿದೆ. ಒಬ್ಬ ಉಪಾಧ್ಯಾಯನು ಮೇಲಧಿಕಾರಿಯ ಅನುಮತಿ ಪಡೆದು ನಾಲ್ಕನೆಯ ತರಗತಿಯೊಂದನ್ನು ವಹಿಸಿಕೊಂಡು, ಬೆತ್ತವನ್ನು ಬದಿಗಿರಿಸಿ, ಕಥೆ ಆಟ ತಿರುಗಾಟಗಳಿಂದ ವರ್ಷಾಂತ್ಯಕ್ಕೆ ಎಲ್ಲರನ್ನೂ ಬೆರಗುಗೊಳಿಸುವ ಕಲ್ಪಿತ ವೃತ್ತಾಂತವದು. ಅಧಿಕಾರಿಗಳು ಅದನ್ನು ಓದಿದರೆ ಆ ಮೇಲಧಿಕಾರಿಯ ಪಾತ್ರವನ್ನು ವಿಶೇಷವಾಗಿ ಗಮನಿಸಬೇಕೆಂದು ಬಿನ್ನವಿಸುತ್ತೇವೆ. ಅವನು ಅನುಮತಿ ಕೊಡದಿದ್ದರೆ ಆ ಪ್ರಯೋಗವೇ ಇಲ್ಲ.

ಒಂದು ಮಂದಿರದಿಂದ ದೇಶದ ಶಿಶುಗಳಿಗೆ ಸಾಲದೆಂದು 1925ರಲ್ಲಿ ಅವರು ಬಾಲಶಿಕ್ಷಕರ ಅಧ್ಯಾಪನಮಂದಿರವನ್ನು ಆರಂಭಿಸಿದರು. ರಾಜಕೋಟೆಯಲ್ಲಿ ಉಪಾಧ್ಯಾಯಿನಿಯರ ಕಾಲೇಜಿನ ಮುಖ್ಯಸ್ಥೆಯಾಗಿದ್ದ ಶ್ರೀಮತಿ ತಾರಾಬಾಯಿ ಮೋಡಕರು ಆ ದೊಡ್ಡ ಹುದ್ದೆಯನ್ನು ಬಿಟ್ಟು ಅದಕ್ಕೆ ಮೊದಲೇ ಭಾವನಗರಕ್ಕೆ ಬಂದಿದ್ದರು. ಇವರಿಬ್ಬರ ಸಹಕಾರದಿಂದ 1926ರಲ್ಲಿ ನೂತನ ಬಾಲಶಿಕ್ಷಣ ಸಂಘವು ಸ್ಥಾಪಿತವಾಯಿತು. ಶಿಕ್ಷಣಪತ್ರಿಕೆ ಎಂಬ ಮಾಸಪತ್ರಿಕೆಯೂ ನಡೆಯಿತು.

1930ರಲ್ಲಿ ದೇಶವೆಲ್ಲ ಉಪ್ಪಿನ ಸತ್ಯಾಗ್ರಹದಲ್ಲಿ ತೊಡಗಿದಾಗ ಗಿಜುಭಾಯಿಯವರೂ ಮನೆಯಲ್ಲಿ ಕುಳಿತಿರಲಿಲ್ಲ. ಸರ್ಕಾರದ ಉಪದ್ರವಕ್ಕೆ ಮನೆಮಠಗಳನ್ನು ತೊರೆದು ಬಂದ ಬಾರಡೋಲಿಯ ರೈತರ ಬಿಡಾರಗಳಲ್ಲಿ ಅವರು ಕೆಲಸ ಮಾಡಿದರು. ದೊಡ್ಡವರು ಭೂಮಿಯ ಚಿಂತೆಯಲ್ಲಿದ್ದಾಗ ಮಕ್ಕಳನ್ನು ಕೇಳುವವರು ಯಾರು? ಅವರು ಆ ಮಕ್ಕಳನ್ನು ಕೂಡಿಸಿ ವಾನರಸೇನೆ ಕಟ್ಟಿದರು. ಹಾಡು ಆಟಗಳಿಂದ ಅವರ ಎದೆಗುಂದದಂತೆ ನೋಡಿಕೊಂಡರು. ಭಯವಿಲ್ಲದ ಬಾಲ್ಯವೂ ಭಯವಿಲ್ಲದ ದೇಶವೂ ಅವರಿಗೆ ಎರಡು ಬೇರೆ ಬೇರೆ ವಿಷಯಗಳಾಗಿರಲಿಲ್ಲ.

1936ರಲ್ಲಿ ಅವರು ದಕ್ಷಿಣಾಮೂರ್ತಿಯಿಂದ ನಿವೃತ್ತರಾದರು. ವಿಶ್ರಾಂತಿ ಅವರ ಪಾಲಿಗೆ ಬರಲಿಲ್ಲ. 1939ನೆಯ ಜೂನ್ 23ರಂದು, 53ನೆಯ ವಯಸ್ಸಿನಲ್ಲಿ, ಅವರು ಕಾಲವಾದರು. ಕೆಲವೇ ತಿಂಗಳುಗಳಲ್ಲಿ, ಅದೇ ವರ್ಷದ ಕೊನೆಗೆ, ಮಾಂಟೆಸ್ಸರಿಯವರು ಮದರಾಸಿನ ಅಡಯಾರಿಗೆ ಬಂದಿಳಿದರು. ಅವರ ತತ್ತ್ವವನ್ನು ಎರಡು ದಶಕಗಳ ಕಾಲ ಈ ನೆಲದಲ್ಲಿ ನೆಟ್ಟು ಬೆಳೆಸಿದವರು ಸ್ವಾಗತಿಸಲು ಇರಲಿಲ್ಲ.

ಗಿಜುಭಾಯಿಯವರ ಕಾರ್ಯವು ಅವರೊಡನೆ ಮುಗಿಯಲಿಲ್ಲ. ಅವರು ಪಟ್ಟಣದ ಮಕ್ಕಳಿಗೆ ಮಾಡಿದ್ದನ್ನು ತಾರಾಬಾಯಿಯವರು ಹಳ್ಳಿಯ ಬಡಮಕ್ಕಳ ಬಳಿಗೆ ಕೊಂಡೊಯ್ದರು. 1945ರಲ್ಲಿ ಮುಂಬಯಿಯ ಉತ್ತರಕ್ಕಿರುವ ಬೋರ್ಡಿಯಲ್ಲಿಯೂ, ತರುವಾಯ ಕೋಸಬಾಡದ ಗುಡ್ಡಗಾಡಿನಲ್ಲಿಯೂ, ಅನುತಾಯಿ ವಾಘರೊಡನೆ ಅವರು ಆದಿವಾಸಿಗಳ ನಡುವೆ ನೆಲೆಸಿದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯೇ ಮಕ್ಕಳ ಅಂಗಳಕ್ಕೆ ಹೋಯಿತು, ಅದು ಅಂಗಣವಾಡಿ. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲಿಯೇ ಪಾಠ ನಡೆಯಿತು; ಅದು ಕುರಣಶಾಲೆ. ಕೇಂದ್ರ ಸರ್ಕಾರವು 1975ನೆಯ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆಗಳಲ್ಲಿ ಆರಂಭಿಸಿದಾಗ ಅದರ ಕೇಂದ್ರಗಳಿಗೆ ದೊರೆತ ಹೆಸರು ಅಂಗನವಾಡಿ. ಆ 33ರಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ಕನ್ನಡನಾಡಿಗೆ ಈ ವಿಚಾರ ಅಂದು ಹೊಸದೇನೂ ಆಗಿರಲಿಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲಿಯೇ ಪುತ್ತೂರಿನಲ್ಲಿ ಬಾಲವನವನ್ನು ಕಟ್ಟಿ, ಆಟ, ಕುಣಿತ, ನಾಟಕಗಳ ಮೂಲಕ ಮಕ್ಕಳಿಗೆ ಕಲಿಸುವ ಪ್ರಯೋಗವನ್ನು ಮಾಡಿದ್ದರು.

ಹೀಗೆ ಭಾವನಗರದ ಗುಡ್ಡದಿಂದ ಹೊರಟ ದಾರಿಯು ಮಧುಗಿರಿಯ ಏಕಶಿಲಾ ಬೆಟ್ಟದ ಬುಡದ ಅಂಗನವಾಡಿಯವರೆಗೂ ಬಂದಿದೆ. ಆದರೆ ಹೆಸರು ಬಂದಷ್ಟು ಸುಲಭವಾಗಿ ಅಂಗಳ ಬಂದಿದೆಯೆ? ಎಷ್ಟೋ ಕಡೆ ಒಂದು ಕೋಣೆಯುಂಟು, ಅಂಗಳವಿಲ್ಲ. ಕಾರ್ಯಕರ್ತೆಯು ಆಹಾರ ಹಂಚುವುದು, ಮಕ್ಕಳ ತೂಕ ನೋಡುವುದು, ಲೆಕ್ಕ ಬರೆಯುವುದು, ಮನೆಮನೆಯ ಗಣತಿ ಮಾಡುವುದು ಇಷ್ಟನ್ನೂ ಮುಗಿಸಿ ಆಟವಾಡಿಸಬೇಕು. ಅನುಕೂಲಸ್ಥರಾದ ಪಟ್ಟಣಿಗರು ಮೂರು ವರ್ಷದ ಮಗುವಿಗೆ ಇಂಗ್ಲಿಷ್ ಅಕ್ಷರ ಬರೆಯಿಸುವ ಶಾಲೆಯನ್ನು ಹುಡುಕಿಕೊಂಡು ಹೋಗುತ್ತಾರೆ. ಅವರನ್ನು ಕಂಡ ಬಡವರು ಅಂಗನವಾಡಿಯಲ್ಲಿಯೂ ಅಕ್ಷರವನ್ನೇ ಕೇಳುತ್ತಾರೆ. ಬೆರಳು ಬಲಿಯದ ಮಗುವಿನ ಕೈಗೆ ಬಳಪ ಕೊಟ್ಟು ಬರೆಯಿಸುವುದು ವಿದ್ಯಾಭ್ಯಾಸವಲ್ಲ, ಅವಸರ. ಮಣ್ಣು ನಾದಿದ, ಹಗ್ಗ ಹಿಡಿದು ಜೋತ, ಹುಣಸೆಯ ಬೀಜಗಳನ್ನು ಎಣಿಸಿ ಸಾಲಿಟ್ಟ ಕೈಗೆ ಆರನೆಯ ವರ್ಷದಲ್ಲಿ ಅಕ್ಷರವು ತಾನಾಗಿ ಒಲಿಯುತ್ತದೆ.

ಆಕ್ಷೇಪಗಳು ಇಲ್ಲದಿಲ್ಲ. ಬಿಸಿಲು ಹೆಚ್ಚು ಎಂಬುದು ಒಂದು. ಬೆಳಗಿನ ಒಂದೂವರೆ ಗಂಟೆಯನ್ನು ಹೊಂಗೆಯ ನೆರಳಿನಲ್ಲಿ ಕಳೆದರೆ ಪಾವಗಡದ ಬೇಸಗೆಯೂ ಮಕ್ಕಳನ್ನು ಬಾಧಿಸದು. ಹಾವು ಚೇಳುಗಳ ಭಯ ಇನ್ನೊಂದು. ಕಸಕಡ್ಡಿ ಕಲ್ಲುಗುಪ್ಪೆಗಳನ್ನು ತೆಗೆದು, ಬೇಲಿ ಕಟ್ಟಿ, ದಿನವೂ ಗುಡಿಸಿದ ಅಂಗಳದಲ್ಲಿ ಆ ಭಯ ಬಹಳ ಕಡಮೆಯಾಗುತ್ತದೆ. ಮಗುವಿಗೆ ಗಾಯವಾದರೆ ಹೊಣೆ ಯಾರೆಂಬುದು ಮೂರನೆಯದು, ಕಾರ್ಯಕರ್ತೆಯನ್ನು ನಿಜವಾಗಿ ಕಾಡತಕ್ಕದ್ದು ಇದೇ. ತರಚಿದ ಮಂಡಿಗಾಗಿ ದೂರು ಕೊಡುವ ಊರಿನಲ್ಲಿ ಯಾವ ಕಾರ್ಯಕರ್ತೆಯೂ ಮಕ್ಕಳನ್ನು ಹೊರಗೆ ಬಿಡಲಾರಳು. ಅಪಾಯವನ್ನು ತಪ್ಪಿಸುವುದು ಹಿರಿಯರ ಧರ್ಮ. ಪ್ರತಿಯೊಂದು ಎಡವುವಿಕೆಯನ್ನೂ ತಪ್ಪಿಸುವುದು ಧರ್ಮವಲ್ಲ. ಈ ವ್ಯತ್ಯಾಸವನ್ನು ತಂದೆತಾಯಿಗಳೂ ಮೇಲ್ವಿಚಾರಕರೂ ಒಪ್ಪಿಕೊಂಡು ಆಕೆಯ ಬೆನ್ನಿಗೆ ನಿಲ್ಲಬೇಕು.

ಇದಕ್ಕೆ ದೊಡ್ಡ ಹಣ ಬೇಕಿಲ್ಲ. ಒಂದು ಬಂಡಿ ಮರಳು, ನೀರಿನ ತೊಟ್ಟಿ, ಉಯ್ಯಾಲೆಗೊಂದು ಗಟ್ಟಿಯಾದ ಕೊಂಬೆ, ಹತ್ತಿ ಇಳಿಯಲು ಒಂದು ಮಣ್ಣಿನ ದಿಬ್ಬ ಸಾಕು. ಕುಂಟೆಬಿಲ್ಲೆ, ಕಣ್ಣಾಮುಚ್ಚಾಲೆಗಳನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಬೇಕಾಗಿಲ್ಲ. ಕಥೆ ಹೇಳಲು ಊರಿನ ಅಜ್ಜಿಯರು ಈಗಲೂ ಇದ್ದಾರೆ. ಬೇಕಾದದ್ದು ನೆಲ. ಪಾವಗಡದ ತಿರುಮಣಿಯ ಸುತ್ತಮುತ್ತ ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ 2,050 ಮೆಗಾವಾಟಿನ ಸೌರ ಉದ್ಯಾನಕ್ಕೆ ರೈತರ ಭೂಮಿ ಸುಮಾರು 13,000 ಎಕರೆ ಗುತ್ತಿಗೆಗೆ ದೊರೆಯಿತು. ಆ ಕಾರ್ಯವು ದೇಶಕ್ಕೆ ಅಗತ್ಯವಾದುದೇ. ಅಷ್ಟು ನೆಲವನ್ನು ಅಳೆದು ಕೊಟ್ಟ ಸೀಮೆಯಲ್ಲಿ ಊರಿಗೆ ಎರಡು ಗುಂಟೆಯಷ್ಟು ನೆಲ ಎಳೆಯ ಮಕ್ಕಳ ಆಟಕ್ಕೆ ದೊರೆಯಲಾರದೆ?

ಗ್ರಾಮಪಂಚಾಯಿತಿಯ ಸದಸ್ಯರು ಅಂಗನವಾಡಿಗೆ ನಿವೇಶನ ಗೊತ್ತುಮಾಡುವಾಗ ಕಟ್ಟಡದ ಅಳತೆಗಿಂತ ಮೊದಲು ಅಂಗಳದ ಅಳತೆಯನ್ನು ಬರೆಯಿಸಲಿ. ತಪಾಸಣೆಗೆ ಬರುವ ಅಧಿಕಾರಿಗಳು ದಾಖಲೆಯ ಪುಸ್ತಕಗಳೊಡನೆ, ಮಕ್ಕಳು ಅಂದು ಎಷ್ಟು ಹೊತ್ತು ಹೊರಗಿದ್ದರೆಂಬುದನ್ನೂ ವಿಚಾರಿಸಲಿ. ತಂದೆತಾಯಿಗಳು ಸಂಜೆ ಮನೆಗೆ ಬಂದ ಮಗುವನ್ನು ಇಂದು ಏನು ಬರೆದೆ ಎಂದು ಕೇಳುವ ಬದಲು ಇಂದು ಏನು ಆಡಿದೆ ಎಂದು ಕೇಳಲಿ. ಗಿಜುಭಾಯಿಯವರು ಒಂದು ಮಗುವಿನ ನಿಮಿತ್ತವಾಗಿ ತಮ್ಮ ವೃತ್ತಿಯನ್ನೇ ಬಿಟ್ಟರು. ನಾಲ್ಕು ತಾಲ್ಲೂಕುಗಳ ಮಹಾಜನರಿಂದ ನಾವು ಬೇಡುವುದು ಅಷ್ಟು ದೊಡ್ಡ ತ್ಯಾಗವನ್ನಲ್ಲ. ಊರಿಗೊಂದು ಅಂಗಳವನ್ನು, ಅದರಲ್ಲಿ ಮಕ್ಕಳು ಬೀಳಲೂ ಏಳಲೂ ಬಿಡುವಷ್ಟು ತಾಳ್ಮೆಯನ್ನು.